ನಾಲ್ಕು ಬೆರಳಿನ ಸಂದಿ

ಸೇಂಟ್ ಆಲ್ಬನ್ಸ್, ಮೆಲ್ಬರ್ನ್
ಜುಲೈ ೧೮

ಶ್ರೀ ವೆನ್ಜು ಶಿಬೆರಾಸ್ ಅವರಿಗೆ,

ನಮ್ಮಿಬ್ಬರ ಮನೆಗಳ ನಡುವೆ ಇರುವುದು ಒಂದು ಮರದ ಬೇಲಿ. ನಾನು ಕೆಮ್ಮಿದರೆ ನಿಮಗೆ ಕೇಳುತ್ತದೆ, ನಿಮ್ಮ ಮೊಲಗಳು ಕ್ಯಾರೆಟ್ ಕಡಿದರೆ ನನಗೆ ಕೇಳುತ್ತದೆ. ಆದರೂ ಕಾಗದ ಬರೆದು ನಿಮ್ಮ ಅಂಚೆಪೆಟ್ಟಿಗೆಗೆ ಹಾಕುತ್ತಿದ್ದೇನೆ. ಎರಡು ವರ್ಷದಿಂದ ಮಾತು ಬಿಟ್ಟಿದ್ದೇವೆ. ಈ ವಿಷಯಕ್ಕಾಗಿ ಮಾತು ಶುರು ಮಾಡಿದರೆ ಅಲ್ಲೇ ನಿಂತಲ್ಲೇ ಮತ್ತೆ ಬಿಡಬೇಕಾಗುತ್ತದೆ, ಅದಕ್ಕೆ.

ನಗರಸಭೆಯವರು ಆಕಾಶದಿಂದ ತೆಗೆಸಿದ ಫೋಟೋ ನೋಡಿ, ನನ್ನ ಹಿತ್ತಲಿನಲ್ಲಿ ನೋಂದಣಿಯಾಗದ ಈಜುಕೊಳ ಇದೆಯೆಂದು ನೋಟಿಸು ಕಳಿಸಿದ್ದಾರೆ. ಕೊಳವನ್ನು ನೋಂದಾಯಿಸಬೇಕಂತೆ, ಸುತ್ತಲಿನ ಬೇಲಿಯನ್ನು ತಪಾಸಣೆ ಮಾಡಿಸಿ ಪ್ರಮಾಣಪತ್ರ ಪಡೆಯಬೇಕಂತೆ. ಈ ಊರಿನ ಅರ್ಧ ಮಕ್ಕಳಿಗೆ ಸೀಟಿ ಊದಿ ಊದಿ ಈಜು ಕಲಿಸಿದ ನೊರೀನ್ ಹ್ಯಾಂಬ್ಲಿನ್‌ಗೆ ನೀರಿನ ಪಾಠ! ನೋಟಿಸನ್ನು ಫ್ರಿಜ್ಜಿನ ಮೇಲೆ ಎಸೆದು ಸುಮ್ಮನಿದ್ದೆ.

ಆಮೇಲೆ ಡಾರ್ವಿನ್‌ನಿಂದ ಮಗಳು ಬ್ರಾನ್ವಿನ್ ಫೋನ್ ಮಾಡಿದಳು. ಅವಳ ಮಗಳು ಟಿಲ್ಲಿಗೆ ಈಗ ಎರಡು ತುಂಬಿದೆ. ನಾನು ಆ ಮಗುವನ್ನು ಎತ್ತಿಕೊಂಡದ್ದು ಒಂದೇ ಸಲ, ಅದೂ ಹೆರಿಗೆ ಆಸ್ಪತ್ರೆಯಲ್ಲಿ. ಬ್ರಾನ್ವಿನ್ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಕ್ರಿಸ್ಮಸ್ಸಿಗೆ ಬರ್ತೀವಮ್ಮ. ಆದ್ರೆ ಬೇಲಿಗೆ ಸರ್ಟಿಫಿಕೇಟ್ ಇಲ್ದೇ ಇದ್ರೆ ಬರಲ್ಲ, ಅಷ್ಟೇ. ಇವಳು ಮಗು ಅಲ್ಲ, ಕೋತಿ. ಮೊನ್ನೆ ಫ್ರಿಜ್ ಹತ್ತಿ ಕೂತಿದ್ಲು."

ನಮ್ಮ ನಡುವಿನ ಬೇಲಿಯೇ ನನ್ನ ಕೊಳಕ್ಕೆ ಒಂದು ಕಡೆಯ ತಡೆ. ಆದ್ದರಿಂದ ನಿಮ್ಮಿಂದ ಎರಡು ಕೆಲಸ ಆಗಬೇಕು. ಒಂದು, ಬೇಲಿಗೆ ಒರಗಿಕೊಂಡು ಬೆಳೆದಿರುವ ನಿಮ್ಮ ಅಂಜೂರದ ಮರ ಹೋಗಬೇಕು, ಮಕ್ಕಳು ಅದನ್ನು ಹತ್ತಿ ಈ ಕಡೆ ಹಾರಬಹುದು. ಇನ್ನೊಂದು, ಹಲಗೆ ಕಿತ್ತ ಸಂದಿಗೆ ನೀವು ಪಾರಿವಾಳದ ಗೂಡಿನ ಹಳೇ ಬಾಗಿಲು ಒರಗಿಸಿದ್ದೀರಲ್ಲ, ಅದನ್ನು ತೆಗೆದು ಅಲ್ಲಿ ಸರಿಯಾಗಿ ಹಲಗೆ ಹೊಡೆಯಬೇಕು.

ಇಂತಿ,
ನೊರೀನ್ ಹ್ಯಾಂಬ್ಲಿನ್
(ಪಕ್ಕದ ಮನೆ, ಮರೆತಿದ್ದರೆ)


ಜುಲೈ ೨೨

ಈಜು ಟೀಚರಮ್ಮನವರಿಗೆ,

ಕಾಗದ ತಲುಪಿತು. ನಿಮ್ಮ ಅಕ್ಷರವೂ ಸೀಟಿ ಊದುತ್ತದೆ ಎಂದು ಇವತ್ತೇ ಗೊತ್ತಾದದ್ದು.

ಬರೆದದ್ದನ್ನು ಮತ್ತೆ ಮತ್ತೆ ಓದಿದೆ. ನಿಮ್ಮ ಮೊಮ್ಮಗಳು ನಿಮ್ಮ ಮನೆಯಲ್ಲಿರುತ್ತಾಳೆ. ಕೊಳವೂ ನಿಮ್ಮ ಮನೆಯಲ್ಲೇ ಇದೆ. ಹಾಗಿರುವಾಗ ಅವಳು ರಸ್ತೆಗೆ ಬಂದು, ನನ್ನ ಗೇಟು ತೆಗೆದು, ನನ್ನ ಅಂಜೂರದ ಮರ ಹತ್ತಿ, ಮತ್ತೆ ನಿಮ್ಮ ಕೊಳಕ್ಕೇ ಏಕೆ ಹಾರುತ್ತಾಳೆ? ಎರಡು ವರ್ಷದ ಮಗು ಒಂದು ಕೆಲಸವನ್ನು ಇಷ್ಟು ಸುತ್ತಿಬಳಸಿ ಮಾಡುವುದಾದರೆ ಈಗಲೇ ಅದಕ್ಕೆ ಸರ್ಕಾರಿ ನೌಕರಿ ಕೊಡಬಹುದು.

ಆ ಮರದ ಕಥೆ ನಿಮಗೆ ಗೊತ್ತಿದ್ದೂ ಇನ್ನೊಮ್ಮೆ ಹೇಳಿಸುತ್ತಿದ್ದೀರಿ. ನನ್ನ ತಾಯಿ ಮಾಲ್ಟಾದ ಹಿತ್ತಲಿನಿಂದ ಒಂದು ಕಡ್ಡಿ ಕಿತ್ತು, ಒದ್ದೆ ಕಾಲುಚೀಲದಲ್ಲಿ ಸುತ್ತಿ, ಹಡಗು ಹತ್ತುವ ಮುಂಚೆ ನನ್ನ ಅಂಗಿಯೊಳಗೆ ತುರುಕಿದಳು. ಬಂದರಿನಲ್ಲಿ ಸುಂಕದವರ ಮುಂದೆ ನಾನು ಜ್ವರ ಬಂದವನ ಹಾಗೆ ಬೆವರಿದ್ದೆ. ಅಂಥ ಮರವನ್ನು, ಎರಡು ವರ್ಷದ ಹಿಂದೆ ನಾನು ಡೋರಿಸಳ ಅಕ್ಕನನ್ನು ನೋಡಲು ಮಾಲ್ಟಾಕ್ಕೆ ಹೋಗಿದ್ದಾಗ, ನೀವು ಹಿಂದೆಮುಂದೆ ನೋಡದೆ ಕತ್ತರಿಸಿದಿರಿ. ಅದೂ ನವೆಂಬರಿನಲ್ಲಿ, ಕಾಯಿ ಕಟ್ಟಿದ ಮೇಲೆ! ಹೆಂಡತಿ ಡೋರಿಸ್ ತೀರಿಹೋದ ಮೇಲೆ ಈ ಹಿತ್ತಲಿನಲ್ಲಿ ನನಗಾಗಿ ಕಾಯುತ್ತಿದ್ದದ್ದು ಅದೊಂದೇ. ಬಂದು ನೋಡಿದಾಗ ನಿಂತಿದ್ದದ್ದು ಬೋಳು ಕಂಬ.

ಮರ ಹೋಗುವುದಿಲ್ಲ.

ವೆನ್ಜು ಶಿಬೆರಾಸ್


ಆಗಸ್ಟ್ ೩

ಶ್ರೀ ಶಿಬೆರಾಸ್ ಅವರಿಗೆ,

ಹಿಂದೆಮುಂದೆ ನೋಡದೆ ಕತ್ತರಿಸಿದೆನಂತೆ. ನಿಮ್ಮ ಮರದ ಎಲೆ ನನ್ನ ಕೊಳದ ಫಿಲ್ಟರಿಗೆ ಸಿಕ್ಕಿಕೊಂಡು, ನೀರೆಲ್ಲ ಬಟಾಣಿ ಸಾರಿನ ಬಣ್ಣಕ್ಕೆ ತಿರುಗಿತ್ತು. ನೀವು ಊರಲ್ಲಿರಲಿಲ್ಲ. ಕೊಂಬೆ ನನ್ನ ಕಡೆ ಚಾಚಿತ್ತು. ಕತ್ತರಿಸಿದೆ. ಕಾಯಿ ಇದ್ದದ್ದು ನೋಡಲಿಲ್ಲ. ನನಗೆ ನೀರು ಗೊತ್ತು, ಮರ ಗೊತ್ತಿಲ್ಲ.

ಮೊಮ್ಮಗಳು ನಿಮ್ಮ ಮನೆಗೆ ಏಕೆ ಬರುತ್ತಾಳೆಂದು ಕೇಳಿದ್ದೀರಿ. ಮೊಲ ನೋಡಲು ಬರುತ್ತಾಳೆ. ಅವಳ ತಾಯಿಯನ್ನು ದಿನಾ ಸಂಜೆ ನಿಮ್ಮ ಮೊಲದ ಗೂಡಿನ ಮುಂದಿನಿಂದ ಎಳೆದು ತರಲು ನನಗೆ ಸಾಕುಸಾಕಾಗುತ್ತಿತ್ತು. ಬ್ರಾನ್ವಿನ್ ಇವತ್ತಿಗೂ ಫೋನಿನಲ್ಲಿ, "ಜೀಯು ಹೇಗಿದ್ದಾರೆ?" ಎಂದು ಕೇಳುತ್ತಾಳೆ. ನಿಮ್ಮ ಭಾಷೆಯಲ್ಲಿ ಚಿಕ್ಕಪ್ಪನಿಗೆ ಹಾಗೆ ಹೇಳಬೇಕೆಂದು ಕಲಿಸಿದವರು ನೀವೇ. "ಚೆನ್ನಾಗಿದ್ದಾರೆ" ಅನ್ನುತ್ತೇನೆ. ನಾವು ಮಾತು ಬಿಟ್ಟಿರುವುದು ಅವಳಿಗೆ ಗೊತ್ತಿಲ್ಲ.

ಕ್ರಿಸ್ಮಸ್ಸಿನೊಳಗೆ ಪ್ರಮಾಣಪತ್ರ ಸಿಗದಿದ್ದರೆ ಅವರು ಅತ್ತೆಯ ಮನೆಗೆ, ಅಡಿಲೇಡಿಗೆ ಹೋಗುತ್ತಾರೆ. ಮಗು ಆ ಅಜ್ಜಿಗೆ ಅಂಟಿಕೊಳ್ಳುತ್ತದೆ. ನನ್ನದು ಫೋನಿನೊಳಗಿನ ಮುಖವಾಗಿಯೇ ಉಳಿಯುತ್ತದೆ. ನನಗೆ ಹೊಟ್ಟೆಕಿಚ್ಚು, ಮುಚ್ಚಿಡುವುದಿಲ್ಲ.

ನೊರೀನ್ ಹ್ಯಾಂಬ್ಲಿನ್


ಆಗಸ್ಟ್ ೯

ಟೀಚರಮ್ಮ,

ನಿನ್ನೆ ಗರಗಸದ ಸದ್ದು ಕೇಳಿ ನೀವು ಅಡುಗೆಮನೆಯ ಕಿಟಕಿಯ ಪರದೆ ಸರಿಸಿದ್ದು ಕಂಡೆ. ಮರ ಇನ್ನೂ ಇದೆ. ನಿಮ್ಮ ಕಡೆ ಚಾಚಿದ್ದ ಕೊಂಬೆಗಳನ್ನಷ್ಟೇ ತೆಗೆದೆ. ಅಂಜೂರವನ್ನು ಸವರುವುದು ಹೀಗೆ, ಚಳಿಗಾಲದಲ್ಲಿ, ಅದು ನಿದ್ದೆಯಲ್ಲಿರುವಾಗ. ನೋಡಿ ಕಲಿತುಕೊಳ್ಳಿ.

ಇದನ್ನು ನಿಮಗಾಗಿ ಮಾಡಲಿಲ್ಲ. ಮರಕ್ಕಾಗಿ ಮಾಡಿದೆ.

ಮಗು ಕ್ಯಾರೆಟ್ ತಿನ್ನುತ್ತದೆಯೇ, ಅಥವಾ ಮೊಲಕ್ಕೇ ಕೊಡುವ ಜಾತಿಯೇ?

ವೆನ್ಜು ಶಿಬೆರಾಸ್


ಆಗಸ್ಟ್ ೨೭

ಶ್ರೀ ವೆನ್ಜು ಅವರಿಗೆ,

ಕ್ಯಾರೆಟ್ ತಿನ್ನುವುದಿಲ್ಲವಂತೆ. ನಾಯಿಗೆ ಹಾಕುತ್ತಾಳಂತೆ.

ಕೊಂಬೆ ತೆಗೆದದ್ದಕ್ಕೆ ವಂದನೆ. ಕೊಳವನ್ನು ನೋಂದಾಯಿಸಿದ್ದಾಯಿತು. ಅಕ್ಟೋಬರಿನಲ್ಲಿ ತಪಾಸಣೆಯವರು ಬರುತ್ತಾರೆ. ಕೊಳದ ಗೇಟಿಗೆ ಇಷ್ಟು ವರ್ಷ ಒಂದು ಇಟ್ಟಿಗೆ ಕೊಟ್ಟು ತೆರೆದೇ ಇಡುತ್ತಿದ್ದೆನಲ್ಲ, ಆ ಇಟ್ಟಿಗೆಯನ್ನು ಗುಲಾಬಿ ಗಿಡದ ಬುಡಕ್ಕೆ ಸಾಗಿಸಿದ್ದೇನೆ. ಬೇಸಗೆ ಬಂದರೆ ಬೀದಿಯ ಮಕ್ಕಳೆಲ್ಲ ಟವೆಲ್ ಹೆಗಲಿಗೆ ಹಾಕಿಕೊಂಡು ಕೇಳದೆಯೇ ಒಳಗೆ ಬರಬೇಕು, ಅದೇ ನನ್ನ ಹೆಮ್ಮೆಯಾಗಿತ್ತು. ಈಗ ಗೇಟು ಬಿಟ್ಟ ಕೂಡಲೇ ತಾನಾಗಿ ಮುಚ್ಚಿಕೊಂಡು ಚಿಲಕ ಹಾಕಿಕೊಳ್ಳಬೇಕಂತೆ. ನಾನು ಗೇಟಿನ ಹತ್ತಿರ ನಿಂತು ನೋಡಿದೆ. ಅದು ಮುಚ್ಚಿಕೊಳ್ಳಲೇ ಇಲ್ಲ, ಅಭ್ಯಾಸ ತಪ್ಪಿಹೋಗಿದೆ. ಹೊಸ ಕೀಲು ತರಿಸಿದ್ದೇನೆ.

ಇನ್ನು ಸಂದಿ. ಅದರ ಬಗ್ಗೆ ನೀವು ಒಂದಕ್ಷರ ಬರೆದಿಲ್ಲ.

ನೊರೀನ್


ಸೆಪ್ಟೆಂಬರ್ ೨೧

ವೆನ್ಜು ಅವರಿಗೆ,

ನಿಮ್ಮ ಉತ್ತರ ಬರಲಿಲ್ಲ. ಮೊದಲು ಸಿಟ್ಟು ಬಂತು. ಆಮೇಲೆ ನಿಮ್ಮ ಕೆಮ್ಮು ಕೇಳಿಸಿತು. ಆಮೇಲೆ ಕೆಮ್ಮು ಕೇಳಿಸಲಿಲ್ಲ, ಅಂಚೆಪೆಟ್ಟಿಗೆಯಲ್ಲಿ ಜಾಹೀರಾತುಗಳು ತುಂಬಿ ಹೊರಗೆ ಜೋತಾಡುತ್ತಿದ್ದವು. ಆಗ ಪಾರಿವಾಳದ ಬಾಗಿಲನ್ನು ಸರಿಸಿ, ಸಂದಿಯಲ್ಲಿ ತೂರಿಕೊಂಡು ಬಂದೆ. ಈ ದೇಹಕ್ಕೆ ಅದು ಈಗ ಸುಲಭದ ಕೆಲಸವಲ್ಲ. ಮೊಲಗಳಿಗೆ ಮೇವು ಹಾಕಿದೆ. ಕಿಟಕಿಯಿಂದ ನೋಡಿದರೆ ನೀವು ಸೋಫಾದ ಮೇಲೆ ಕಂಬಳಿ ಹೊದ್ದು ಗೊರಕೆ ಹೊಡೆಯುತ್ತಿದ್ದಿರಿ. ಗೊರಕೆ ಕೇಳಿ ಅಷ್ಟು ಖುಷಿಯಾದದ್ದು ನನ್ನ ಜೀವಮಾನದಲ್ಲಿ ಮೊದಲ ಸಲ.

ಮೆಟ್ಟಿಲ ಮೇಲೆ ಸೂಪು ಇಟ್ಟಿದ್ದೇನೆ. ಬಿಸಿ ಮಾಡಿಕೊಂಡು ಕುಡಿಯಿರಿ.

ನೊರೀನ್


ಸೆಪ್ಟೆಂಬರ್ ೨೯

ನೊರೀನ್,

ಸೂಪಿಗೆ ಉಪ್ಪು ಸಾಲದು. ಪಾತ್ರೆ ತಳ ಕಾಣುವ ತನಕ ಕುಡಿದೆ.

ಜ್ವರದಲ್ಲಿ ಮಲಗಿದ್ದಾಗ ಆ ಬಾಗಿಲು ಸರಿದ ಸದ್ದು ಕೇಳಿಸಿತ್ತು. ಡೋರಿಸ್ ಬಂದಳು ಅಂದುಕೊಂಡೆ. ಹುಚ್ಚು ಅಂದುಕೊಳ್ಳಬೇಡ, ಜ್ವರ ಅಂದುಕೋ.

ಸಂದಿಯ ಬಗ್ಗೆ ನಾನು ಬರೆಯದೆ ಇದ್ದದ್ದು ಹಟಕ್ಕಲ್ಲ. ಆ ಹಲಗೆಗಳನ್ನು ಕಿತ್ತವಳು ಅವಳು. ನಿನ್ನ ಗಂಡ ಮನೆ ಬಿಟ್ಟು ಹೋದ ವರ್ಷ, ಬ್ರಾನ್ವಿನ್ ಇನ್ನೂ ತೊಟ್ಟಿಲಲ್ಲಿ, ನಿನಗೆ ಸಂಜೆ ಈಜಿನ ಕ್ಲಾಸು. ಮಗುವನ್ನು ನಮ್ಮಲ್ಲಿ ಬಿಡಲು ಎತ್ತಿಕೊಂಡು ನೀನು ಬೀದಿಯಲ್ಲಿ ಬಂದರೆ ನಾಲ್ಕು ಜನ ನಿಲ್ಲಿಸಿ ಗಂಡನ ಸುದ್ದಿ ಕೇಳುತ್ತಿದ್ದರು. ಡೋರಿಸ್ ಅಡುಗೆಮನೆಯಿಂದ ಬಂದು, ನನ್ನ ಸುತ್ತಿಗೆ ತೆಗೆದುಕೊಂಡು, ಒಂದು ಮಾತೂ ಆಡದೆ ಬೇಲಿಯ ಎರಡು ಹಲಗೆ ಕಿತ್ತಳು. "ಏನೇ ಇದು, ಬೇಲಿ ಇಬ್ರಿಗೂ ಸೇರಿದ್ದು ಕಣೇ!" ಎಂದೆ. "ಹೌದು, ಅದಕ್ಕೇ ಇಬ್ರ ಕಡೆಯಿಂದ್ಲೂ ಕಿತ್ತಿದೀನಿ," ಎಂದಳು.

ಪಾರಿವಾಳದ ಬಾಗಿಲು ಒರಗಿಸಬಲ್ಲೆ, ಬೇಕೆಂದಾಗ ತೆಗೆಯಬಹುದು. ಅಲ್ಲಿಗೆ ಮೊಳೆ ಹೊಡೆಯುವುದು ನನ್ನ ಕೈಯಿಂದ ಆಗುವುದಿಲ್ಲ. ನಿನ್ನ ಮೊಮ್ಮಗಳು ಬರಬೇಕು, ಅದೂ ಗೊತ್ತು. ಎರಡೂ ಗೊತ್ತಿದ್ದು ಏನೂ ತೋಚದೆ ಕೂತಿದ್ದೇನೆ.

ವೆನ್ಜು


ಅಕ್ಟೋಬರ್ ೨೪

ವೆನ್ಜು,

ನಿನ್ನೆ ತಪಾಸಣೆ ಆಯಿತು. ಕೂತುಕೊಂಡು ಓದು.

ಬಂದವಳು ಮೂವತ್ತರ ಆಸುಪಾಸಿನ ಹೆಂಗಸು. ಕೈಯಲ್ಲಿ ಅಳತೆಪಟ್ಟಿ, ತಲೆಗೆ ಟೋಪಿ. ಗೇಟಿನ ಹತ್ತಿರ ಬಂದು ನನ್ನ ಮುಖ ನೋಡಿ ನಿಂತೇಬಿಟ್ಟಳು. "ಟೀಚರ್! ನಾನು ಥುಯಿ! ಬೇಕರಿ ನ್ವೆನ್ ಮಗಳು. ನನ್ನ ಎರಡು ಸಲ ಫೇಲ್ ಮಾಡಿದ್ರಲ್ಲ, ಹಿಮ್ಮುಖ ಈಜಲ್ಲಿ!" ಎಂದಳು. ನೆನಪಾಯಿತು. ಕಾಲು ಬಡಿಯದೆ ತೇಲುತ್ತಿದ್ದ ಹುಡುಗಿ. ನಾನು ಒಳಗೊಳಗೇ, ಇನ್ನು ನನ್ನ ಕೆಲಸ ಆದಂತೆ ಎಂದುಕೊಂಡು ಕೆಟಲ್ ಇಟ್ಟೆ.

ಅವಳು ಟೀ ಮುಗಿಸಿ, ಎದ್ದು ಎಲ್ಲ ಅಳೆದು, ನನ್ನನ್ನು ಫೇಲ್ ಮಾಡಿದಳು.

"ಟೀಚರ್, ತಪ್ಪು ತಿಳ್ಕೋಬೇಡಿ. ಗೇಟು ಪರವಾಗಿಲ್ಲ, ಕೀಲು ಇನ್ನೊಂಚೂರು ಬಿಗಿ ಮಾಡಿ. ಈ ಸಂದಿ ಮಾತ್ರ ಆಗೋದೇ ಇಲ್ಲ, ಇದ್ರಲ್ಲಿ ಮಗು ಏನು, ಕರು ನುಗ್ಗುತ್ತೆ." ನಾನು, "ಮತ್ತೆ ಆ ಅಂಜೂರದ ಮರ?" ಎಂದೆ. ಹೌದು, ನಾನೇ ಕೇಳಿದೆ. ಅವಳು ಮರದ ಕಡೆ ನೋಡಲೂ ಇಲ್ಲ. "ಆ ಕಡೆ ಏನಾದ್ರೂ ಇರ್ಲಿ ಟೀಚರ್. ಬೇಲಿ ಸಾಕಷ್ಟು ಎತ್ತರ ಇದೆ, ಹಾಗಾಗಿ ನಾನು ನೋಡೋದು ಕೊಳದ ಕಡೆಯ ಮೈ ಮಾತ್ರ. ತೊಂದ್ರೆ ಇರೋದು ಇಲ್ಲಿ, ಬೇಲಿಗೆ ಹೊಡೆದಿರೋ ನಿಮ್ಮ ಟವೆಲ್ ಗೂಟಗಳಲ್ಲಿ. ಬೇಲಿ ಮೇಲಿಂದ ಬಂದ ಮಗು ಇವುಗಳ ಮೇಲೆ ಕಾಲಿಟ್ಟು ಮೆಟ್ಟಿಲಿಳಿದ ಹಾಗೆ ಇಳಿಯುತ್ತೆ."

ಗೂಟಗಳು! ನಮ್ಮ ಬ್ರಾನ್ವಿನ್ ಮತ್ತು ಈಗ ದೂರದ ಊರು ಸೇರಿರುವ ನಿನ್ನ ಮೂರು ಮಕ್ಕಳು, ಬೀದಿಯ ಮಿಕ್ಕವರು, ಒಬ್ಬೊಬ್ಬರಿಗೆ ಒಂದೊಂದು ಗೂಟ, ಕೆಳಗೆ ಡೋರಿಸ್ ಬಣ್ಣದಲ್ಲಿ ಬರೆದ ಹೆಸರು. ಅವೇ ತಪ್ಪು. ಥುಯಿಯ ಹೆಸರೂ ಅಲ್ಲಿತ್ತು. ಅವಳು ಅದನ್ನು ಬೆರಳಿನಿಂದ ಸವರಿ, ಆಮೇಲೆ ಕಾಗದದಲ್ಲಿ "ತೆಗೆಯತಕ್ಕದ್ದು" ಎಂದು ಬರೆದಳು.

ಮೂರು ತಿಂಗಳು ನಿನ್ನ ಮರದ ಮೇಲೆ ಹರಿಹಾಯ್ದೆ. ನಿನ್ನ ಮರ ನಿರಪರಾಧಿ. ತಪ್ಪು ನನ್ನ ಕಡೆಯ ಮೈಯಲ್ಲೇ ಇತ್ತು. ಎರಡು ವರ್ಷದ ಹಿಂದೆ ಕತ್ತರಿಸಿದ್ದಕ್ಕೂ ಸೇರಿಸಿ ಕ್ಷಮೆ ಕೇಳುತ್ತಿದ್ದೇನೆ. ಇದನ್ನು ಜೋರಾಗಿ ಹೇಳಲು ನನಗೆ ಬರುವುದಿಲ್ಲ, ಕಾಗದದಲ್ಲಿ ಬರುತ್ತದೆ.

ಇನ್ನೊಂದು ವಿಷಯ ಇದೆ. ಥುಯಿ ಸಂದಿಯಲ್ಲಿ ತಲೆ ಹಾಕಿ ಆ ಕಡೆ ನೋಡಿ, "ಟೀಚರ್, ಆ ಅಂಕಲ್ ಹಿತ್ತಲಲ್ಲಿ ಹೊಗೆ ಆಡ್ತಿರೋದು ಏನು?" ಎಂದಳು. ಅದು ಹೊಗೆಯಲ್ಲ, ನಿನ್ನ ಬಿಸಿನೀರಿನ ತೊಟ್ಟಿಯ ಆವಿ. ನೀನು ಟೋಪಿ ಹಾಕಿಕೊಂಡು ಅದರೊಳಗೆ ಕೂತಿದ್ದೆ.

ನೊರೀನ್


ಅಕ್ಟೋಬರ್ ೨೬

ನೊರೀನ್, ನೊರೀನ್, ನೊರೀನ್,

ಮೊದಲ ಮುಕ್ಕಾಲು ಭಾಗ ಓದಿ ಎಷ್ಟು ನಕ್ಕೆನೆಂದರೆ ಮೊಲಗಳು ಹೆದರಿ ಮೂಲೆ ಸೇರಿದವು. ಬೇಕರಿಯವನ ಮಗಳಿಗೆ ಒಂದು ಬುಟ್ಟಿ ಅಂಜೂರ ನನ್ನ ಲೆಕ್ಕದಲ್ಲಿ. ನಿನ್ನ ಕ್ಷಮೆಯನ್ನು ಮರಕ್ಕೆ ಗಟ್ಟಿಯಾಗಿ ಓದಿ ಹೇಳಿದೆ.

ಕೊನೆಯ ಭಾಗ ಓದಿ ನಗು ನಿಂತಿತು. ಆ ದಿನ ಮಧ್ಯಾಹ್ನವೇ ಥುಯಿ ನನ್ನ ಮುಂಬಾಗಿಲಿಗೂ ಬಂದಿದ್ದಳು, ನಿನಗೆ ಹೇಳಿದಳೋ ಇಲ್ಲವೋ. ಬಹಳ ಮರ್ಯಾದೆಯ ಹುಡುಗಿ. "ಅಂಕಲ್, ಬಿಸಿನೀರಿನ ತೊಟ್ಟಿಗೂ ನೋಂದಣಿ ಬೇಕು, ಅದಕ್ಕೂ ಸುತ್ತ ಬೇಲಿ ಬೇಕು," ಎಂದಳು. "ಗಟ್ಟಿ ಮುಚ್ಚಳ ಇದೆಯಲ್ಲಮ್ಮ, ಬೀಗ ಹಾಕ್ತೀನಿ," ಎಂದೆ. "ಮುಚ್ಚಳ ಬೇಲಿ ಅಲ್ಲ ಅಂಕಲ್. ಮುಚ್ಚೋಕೆ ಮರೆತ ದಿನ ಏನ್ಮಾಡ್ತೀರಾ?" ಎಂದಳು. ನಾನು ಮರೆಯುವುದೇ ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಒಳಗೆ ಒಲೆಯ ಮೇಲೆ ಹಾಲು ಉಕ್ಕುತ್ತಿದ್ದ ವಾಸನೆ ಬಂತು.

ಅದು ಡೋರಿಸಳ ಮಂಡಿನೋವಿಗೆಂದು ತಂದ ತೊಟ್ಟಿ. ಭಾನುವಾರ ಮಧ್ಯಾಹ್ನ ನಾವಿಬ್ಬರೂ ಅದರಲ್ಲಿ ಎದುರುಬದುರು ಕೂತು ಮಾಲ್ಟಾದ ರೇಡಿಯೋ ಕೇಳುತ್ತಿದ್ದೆವು. ಈಗ ಒಬ್ಬನೇ ಕೂರುತ್ತೇನೆ, ರೇಡಿಯೋ ಮಾತ್ರ ಇಬ್ಬರಿಗೂ ಕೇಳುವಷ್ಟು ಜೋರಾಗಿ ಇಡುತ್ತೇನೆ. ಒಬ್ಬ ಮುದುಕ ಕೂರುವುದಕ್ಕಾಗಿ ಸುತ್ತ ಬೇಲಿ ಕಟ್ಟುವ ಶಕ್ತಿ ನನಗಿಲ್ಲ. ನೀರು ಖಾಲಿ ಮಾಡಿ ಗುಜರಿಗೆ ಕೊಡಬೇಕು, ಇಲ್ಲಾ ಟೊಮೇಟೊ ಹಾಕಬೇಕು. ಎರಡಕ್ಕೂ ಮನಸ್ಸಿಲ್ಲ.

ನನ್ನನ್ನು ನೋಡಿ ನೀನು ನಗಬಹುದು. ಈಗ ನಿನ್ನ ಸರದಿ.

ವೆನ್ಜು


ನವೆಂಬರ್ ೮

ವೆನ್ಜು,

ನಗಲಿಲ್ಲ. ಯೋಚನೆ ಮಾಡಿದೆ.

ನಿನ್ನ ತೊಟ್ಟಿಗೆ ಬೇಲಿ ಬೇಕು. ನನ್ನ ಕೊಳಕ್ಕೆ ಬೇಲಿ ಇದೆ. ಕೊಳದ ಪಕ್ಕದ ಮೂಲೆಯಲ್ಲಿ, ಹಿಂದೆ ಜಾರುಬಂಡಿ ಇತ್ತಲ್ಲ, ಅಲ್ಲಿ ಜಾಗ ಖಾಲಿಯಿದೆ. ತೊಟ್ಟಿಯನ್ನು ಇಲ್ಲಿಗೆ ತಾ. ಒಂದೇ ಬೇಲಿಯೊಳಗೆ ಎರಡೂ ಇರುತ್ತವೆ, ನೋಂದಣಿಯೂ ಒಟ್ಟಿಗೇ ಆಗುತ್ತದೆ. ಥುಯಿಯನ್ನು ಕೇಳಿದೆ, "ಇದಕ್ಕಿಂತ ಒಳ್ಳೇದಿಲ್ಲ ಟೀಚರ್, ನನಗೂ ಒಂದು ಅಲೆದಾಟ ತಪ್ಪುತ್ತೆ," ಎಂದಳು.

ಭಾನುವಾರ ಮಧ್ಯಾಹ್ನ ನೀನು ಬಂದು ಕೂರು. ರೇಡಿಯೋ ತಾ. ನನಗೆ ಮಾಲ್ಟಾ ಭಾಷೆ ಅರ್ಥವಾಗುವುದಿಲ್ಲ, ಅದು ಒಳ್ಳೆಯದೇ, ಜಗಳ ಕಡಿಮೆಯಾಗುತ್ತದೆ.

ಒಂದೇ ತೊಡಕು. ತೊಟ್ಟಿ ನಿನ್ನ ಮನೆಯ ಪಕ್ಕದ ಓಣಿಯಲ್ಲಿ ಹಿಡಿಸುವುದಿಲ್ಲ. ಅದು ಈ ಕಡೆ ಬರಬೇಕಾದರೆ ಸಂದಿಯಲ್ಲೇ ಬರಬೇಕು. ಇನ್ನೂ ಕೆಲವು ಹಲಗೆ ಕೀಳಬೇಕು, ಆಮೇಲೆ ಎಲ್ಲವನ್ನೂ ಸೇರಿಸಿ ಹೊಡೆಯಬೇಕು. ನೀನು ಮೊಳೆ ಹೊಡೆಯಲಾರೆ ಎಂದಿದ್ದೆ. ಬೇಡ. ನೀನು ಹಲಗೆ ಹಿಡಿದುಕೋ, ನಾನು ಹೊಡೆಯುತ್ತೇನೆ.

ನೊರೀನ್


ನವೆಂಬರ್ ೧೧

ನೊರೀನ್,

ನಿನ್ನ ಕಾಗದವನ್ನು ಡೋರಿಸಳ ಫೋಟೋದ ಹಿಂದೆ ಸಿಕ್ಕಿಸಿ, ಎರಡು ದಿನ ಅವಳ ಮುಖ ನೋಡಿದೆ. ಬೇಡವೆನ್ನುವ ಮುಖ ಅವಳದ್ದು ನನಗೆ ಚೆನ್ನಾಗಿ ಗೊತ್ತು. ಅದಲ್ಲ ಇದು.

ಸರಿ. ಶನಿವಾರ ನನ್ನ ಅಕ್ಕನ ಮಕ್ಕಳು ಬರುತ್ತಾರೆ, ಎತ್ತಲು. ನಾನು ನಮ್ಮೂರ ಕಡುಬು, ಪಾಸ್ಟಿಟ್ಸಿ ಮಾಡುತ್ತೇನೆ, ಗಿಣ್ಣಿನದೂ ಬಟಾಣಿಯದೂ. ನಿನ್ನ ಸೂಪು ಬೇಡ.

ನನ್ನದೊಂದು ಷರತ್ತು. ಹಲಗೆ ಹೊಡೆಯುವಾಗ ಒಂದು ಕಡೆ ಸ್ವಲ್ಪ ಬಿಡಬೇಕು. ಹೆಚ್ಚಲ್ಲ, ನಾಲ್ಕು ಬೆರಳು. ಹತ್ತು ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಕಾನೂನಿಗೆ ಅಡ್ಡಿಯಿಲ್ಲವೆಂದು ಬೇಕರಿಯವನ ಮಗಳೇ ಹೇಳಿದಳು. ಮಗುವಿನ ತಲೆ ತೂರುವುದಿಲ್ಲ. ಕಾಗದ ತೂರುತ್ತದೆ. ಅಂಚೆಪೆಟ್ಟಿಗೆಯ ತನಕ ನಡೆಯುವುದು ಈ ವಯಸ್ಸಿನಲ್ಲಿ ಯಾರಿಗೆ ಬೇಕು?

ಗೂಟದ ಪಟ್ಟಿಯನ್ನು ಒಡೆದು ಹಾಕಬೇಡ. ಹೆಸರುಗಳಿರುವ ಹಾಗೆಯೇ ಇಡಿಯಾಗಿ ಬಿಚ್ಚಿಡು.

ವೆನ್ಜು


ಡಿಸೆಂಬರ್ ೧೩

ವೆನ್ಜು,

ಸಂದಿಯಲ್ಲಿ ಹಾಕುತ್ತಿರುವ ಮೊದಲ ಕಾಗದ ಇದು. ಬಿದ್ದ ಸದ್ದು ಕೇಳಿತೇ?

ಪಾಸಾದೆವು! ಥುಯಿ ಗೇಟನ್ನು ಅರ್ಧ ತೆಗೆದು ಬಿಟ್ಟಳು, ಪೂರ್ತಿ ತೆಗೆದು ಬಿಟ್ಟಳು, ಒಂದು ಕೂದಲೆಳೆಯಷ್ಟು ತೆಗೆದು ಬಿಟ್ಟಳು. ಪ್ರತಿ ಸಲವೂ ಟಕ್ ಎಂದು ಚಿಲಕ ಬಿತ್ತು. ನಿನ್ನ ನಾಲ್ಕು ಬೆರಳಿನ ಸಂದಿಗೆ ಅಳತೆಪಟ್ಟಿ ಹಿಡಿದು ನಕ್ಕಳು. ಪ್ರಮಾಣಪತ್ರ ಕೈಗಿಟ್ಟು, "ನನ್ನ ಹಿಮ್ಮುಖ ಈಜಿಗೆ ಈಗ್ಲಾದ್ರೂ ಪಾಸ್ ಕೊಡ್ತೀರಾ?" ಎಂದಳು. ಜನವರಿಯಲ್ಲಿ ಬಂದು ಈಜಿ ತೋರಿಸು, ನೋಡೋಣ ಎಂದೆ. ನಿಯಮ ಅಂದರೆ ನಿಯಮ.

ಬ್ರಾನ್ವಿನ್‌ಗೆ ಫೋಟೋ ಕಳಿಸಿದೆ. ಟಿಕೆಟ್ ಮಾಡಿಸಿಬಿಟ್ಟಳು. ಅಡಿಲೇಡಿನ ಅಜ್ಜಿ ಈ ಸಲ ಫೋನಿನೊಳಗೆ! ನಾನು ನಡುಮನೆಯಲ್ಲಿ ಒಬ್ಬಳೇ ಕುಣಿದೆ, ಅದು ನಿನಗೆ ಕೇಳಿಸಿರಬೇಕು.

ಕ್ರಿಸ್ಮಸ್ ಊಟಕ್ಕೆ ನಮ್ಮಲ್ಲಿಗೆ ಬಾ. ಮುಂಬಾಗಿಲಿಂದ ಬರಬೇಕು, ಬೇರೆ ದಾರಿಯಿಲ್ಲ. ಇಷ್ಟು ವರ್ಷದಲ್ಲಿ ನೀನು ನನ್ನ ಮುಂಬಾಗಿಲು ನೋಡಿಯೇ ಇಲ್ಲ ಅನಿಸುತ್ತದೆ. ಹಸಿರು ಬಣ್ಣದ್ದು.

ನೊರೀನ್


ಡಿಸೆಂಬರ್ ೨೮

ನೊರೀನ್,

ಬ್ರಾನ್ವಿನ್ ನಿನಗೆ ಹೇಳಬೇಡವೆಂದಳು. ಅವರ ವಿಮಾನ ಹಾರಿದ ಮೇಲೆ ಹೇಳುತ್ತೇನೆಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಈಗ ಹಾರಿದೆ.

ಕ್ರಿಸ್ಮಸ್ಸಿನ ಮಾರನೆಯ ಬೆಳಗ್ಗೆ, ನೀವೆಲ್ಲ ಹೊಟ್ಟೆ ಬಿರಿಯೆ ತಿಂದು ಇನ್ನೂ ಎದ್ದಿರಲಿಲ್ಲ. ನಾನು ಮೊಲಗಳಿಗೆ ಮೇವು ಹಾಕುತ್ತಿದ್ದೆ. ಚಿಲಕ ಅಲ್ಲಾಡಿಸಿದ ಸದ್ದಾಯಿತು. ಸಂದಿಯಲ್ಲಿ ಕಣ್ಣಿಟ್ಟರೆ ಕೊಳದ ಆಚೆ, ಗೇಟಿನ ಹೊರಗೆ, ಟಿಲ್ಲಿ. ಒಬ್ಬಳೇ. ಮೈಮೇಲೆ ಒಂದು ಚಡ್ಡಿ, ಒಂದು ಕಾಲಿಗೆ ಬೂಟು. ಗೇಟು ಎಳೆದಳು, ದಬ್ಬಿದಳು, ಒದ್ದಳು. ಸರಳುಗಳನ್ನು ಹಿಡಿದು ಹತ್ತಲು ನೋಡಿ ಜಾರಿ ಕೂತಳು. ಚಿಲಕದ ಕಡೆ ಕೈ ಚಾಚಿದಳು, ಅದು ಅವಳ ತಲೆಗಿಂತ ಎಷ್ಟೋ ಮೇಲಿತ್ತು. ನಾನು ಇಲ್ಲಿಂದ, "ಟಿಲ್ಲಿ!" ಎಂದು ಕೂಗಿದೆ. ಅವಳು ಸುತ್ತಮುತ್ತ ನೋಡಿ, ಬೇಲಿಯಲ್ಲಿ ನನ್ನ ಕಣ್ಣು ಕಂಡು, ಬಹಳ ಬೇಜಾರಿನಿಂದ ಹೇಳಿದಳು: "ಜೀಯು, ಗೇಟು ಕೆಟ್ಟೋಗಿದೆ."

"ಹೌದು ಪುಟ್ಟಿ, ಪೂರ್ತಿ ಕೆಟ್ಟೋಗಿದೆ. ಅಲ್ಲೇ ಕೂತ್ಕೋ, ಮೊಲದ ಕಥೆ ಹೇಳ್ತೀನಿ," ಎಂದೆ. ಕೊಳದ ಈ ಕಡೆಯಿಂದ ಆ ಕಡೆಗೆ ಮೊಲದ ಕಥೆಯನ್ನು ಕೂಗಿ ಕೂಗಿ ಹೇಳಿದೆ. ನನ್ನ ಕೂಗಿಗೆ ಬ್ರಾನ್ವಿನ್ ಬರಿಗಾಲಲ್ಲಿ ಓಡಿ ಬಂದಳು. ಮಗುವನ್ನು ಅಪ್ಪಿಕೊಂಡು ಅಲ್ಲೇ ನೆಲದ ಮೇಲೆ ಕೂತಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ದೂರಕ್ಕೆ ತಿಳಿಯಲಿಲ್ಲ. ಆಮೇಲೆ ಅವಳೇ ಎದ್ದು ಗೇಟನ್ನು ತೆಗೆದು ಬಿಟ್ಟಳು. ಟಕ್. ಮತ್ತೆ ತೆಗೆದು ಬಿಟ್ಟಳು. ಟಕ್.

ನೊರೀನ್, ಆ ಇಟ್ಟಿಗೆ ಗುಲಾಬಿಯ ಬುಡದಲ್ಲೇ ಇರಲಿ.

ನಿನ್ನ ವೆನ್ಜು


ಜನವರಿ ೬

ವೆನ್ಜು,

ಕಾಗದ ಓದಿ ಸೀದಾ ಹೋಗಿ ಗೇಟಿನ ಹತ್ತಿರ ನಿಂತೆ. ತೆಗೆದೆ, ಬಿಟ್ಟೆ, ಟಕ್. ಇಷ್ಟು ವರ್ಷ ತೆರೆದಿಟ್ಟ ಗೇಟೇ ನನ್ನ ಹೆಮ್ಮೆ ಎಂದುಕೊಂಡಿದ್ದೆ. ಆ ಟಕ್ ಸದ್ದಿನಷ್ಟು ಇಂಪಾದದ್ದನ್ನು ನಾನು ಕೇಳಿಲ್ಲ. ಸ್ವಲ್ಪ ಅತ್ತೆ, ಆಮೇಲೆ ಬ್ರಾನ್ವಿನ್‌ಗೆ ಫೋನ್ ಮಾಡಿ ಚೆನ್ನಾಗಿ ಬೈದೆ, ಆಮೇಲೆ ಇಬ್ಬರೂ ನಕ್ಕೆವು. ಈಸ್ಟರಿಗೆ ಮತ್ತೆ ಬರುತ್ತಾರಂತೆ. ಟಿಲ್ಲಿಗೆ ಈಜಿನ ಮೊದಲ ಪಾಠ ಆಗಲೇ.

ಗೂಟದ ಪಟ್ಟಿಯನ್ನು ಮನೆಯ ಗೋಡೆಗೆ ಹೊಡೆದೆ, ಬೇಲಿಯಿಂದ ದೂರ. ಹಳೇ ಹೆಸರುಗಳೆಲ್ಲ ಹಾಗೇ ಇವೆ. ಕೊನೆಯಲ್ಲಿ ಎರಡು ಗೂಟ ಹೊಸದಾಗಿ ಸೇರಿಸಿದೆ. ಒಂದರ ಕೆಳಗೆ ಟಿಲ್ಲಿ ಎಂದು ಬರೆದೆ. ಇನ್ನೊಂದು ನಿನ್ನದು. ಇಷ್ಟು ವರ್ಷ ನಿನಗೊಂದು ಗೂಟ ಇರಲಿಲ್ಲ ಎಂಬುದು ನನ್ನ ಗಮನಕ್ಕೇ ಬಂದಿರಲಿಲ್ಲ. ನನ್ನ ಅಕ್ಷರ ಡೋರಿಸಳದಷ್ಟು ಚೆಂದವಿಲ್ಲ, ಸಹಿಸಿಕೋ.

ಭಾನುವಾರ ತೊಟ್ಟಿ ಬಿಸಿ ಇರುತ್ತದೆ.

ನೊರೀನ್


ಫೆಬ್ರವರಿ ೧೭

ನೊರೀನ್,

ಹಣ್ಣಾಗಿವೆ. ಮೂರು ವರ್ಷದ ಮೇಲೆ ಕೊಂಬೆ ಬಾಗುವಷ್ಟು ಬಿಟ್ಟಿದೆ. ಒಂದು ತಟ್ಟೆ ತುಂಬ ಜೋಡಿಸಿ, ಮೊದಲು ನಿನಗೇ ಎಂದು ಸಂದಿಯ ಹತ್ತಿರ ತಂದೆ. ಕಾಗದ ತೂರುತ್ತದೆ, ತಟ್ಟೆ ತೂರುವುದಿಲ್ಲ. ಓರೆ ಮಾಡಿದರೆ ಹಣ್ಣು ಉರುಳುತ್ತವೆ. ಎರಡು ಉರುಳಿ ಮೊಲದ ಪಾಲಾದವು.

ನಾಲ್ಕು ಬೆರಳು ಸಾಕೆಂದು ಹೇಳಿದವನು ನಾನೇ, ಯಾರನ್ನು ಬೈಯಲಿ?

ಈ ಕಾಗದವನ್ನು ಸಂದಿಯಲ್ಲಿ ಹಾಕಿ, ತಟ್ಟೆ ಹಿಡಿದು ಬೀದಿಯಲ್ಲಿ ಸುತ್ತಿ ಬರುತ್ತಿದ್ದೇನೆ. ದಾರಿಯಲ್ಲಿ ನಾಲ್ಕು ಜನ ನಿಲ್ಲಿಸಿ ಎಲ್ಲಿಗೆ ಎಂದು ಕೇಳುತ್ತಾರೆ. ಕೇಳಲಿ, ಹೇಳುತ್ತೇನೆ. ಕೆಟಲ್ ಇಟ್ಟು, ಹಸಿರು ಬಾಗಿಲು ತೆಗೆ.

ವೆನ್ಜು